ನಿನ್ನ ಹಳೇ ಡಾಟ್ಸನ್‌ಗೆ ಈಗ ಸಿಕ್ಕಾಪಟ್ಟೆ ರೇಟಂತೆ, ಹೌದಾ?

ನನ್ನ ಹತ್ತಿರ 1972ರ ಡಾಟ್ಸನ್ 240ಝೀ ಕಾರಿದೆ. ವಿಷಯ ಗೊತ್ತಾದವರು ಮೊದಲು ಫೋಟೋ ಕೇಳುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ಊರಿಂದ ಫೋನ್ ಮಾಡಿದಾಗ ಭಾವ ಕೇಳುತ್ತಾರೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯುಗಾದಿ ಊಟಕ್ಕೆ ಸಿಕ್ಕ ಹುಡುಗರು ಕೇಳುತ್ತಾರೆ. ಪೆಟ್ರೋಲ್ ಹಾಕಿಸುವಾಗ ಪಕ್ಕದ ಪಂಪಿನವರೂ ಬಿಡುವುದಿಲ್ಲ. "ಇದಕ್ಕೆ ಈಗ ಲಕ್ಷಗಟ್ಟಲೆ ಡಾಲರಂತೆ? ಮಾರಿಬಿಡಬಾರದಾ?" ಅಂತ ಶುರುವಾಗುತ್ತದೆ. ಹಿಂದೆಯೇ ಅಸಲಿ ಪ್ರಶ್ನೆ ಬರುತ್ತದೆ: "ಹಾಗಾದ್ರೆ ನಾನೂ ಒಂದು ತಗೊಂಡು ಇಟ್ಟುಕೊಂಡ್ರೆ ಹೇಗೆ?"

ಪ್ರತಿಯೊಬ್ಬರಿಗೂ ಬಿಡಿಸಿ ಹೇಳುವಷ್ಟರಲ್ಲಿ ಊಟ ಆರಿ ಹೋಗುತ್ತದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ರೇಟು ಏರಿರುವುದು ನಿಜ. ದುಡ್ಡು ಮಾಡೋಕೆ ಅಂತ ತಗೋಬೇಡಿ. ಆದರೂ ರೇಟು ಏರಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಈ ಮೂರೂ ಮಾತು ಹೇಗೆ ಒಟ್ಟಿಗೆ ನಿಲ್ಲುತ್ತವೆ ಅನ್ನುವುದೇ ಉಳಿದ ಕಥೆ.

ಮೊದಲು ಕಾರಿನ ಬಗ್ಗೆ ಸ್ವಲ್ಪ. ಡಾಟ್ಸನ್ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಡಾಟ್ಸನ್ ಗೋ. ನಿಸ್ಸಾನ್ ಕಂಪನಿಯ ಕೈಗೆಟುಕುವ ಬೆಲೆಯ ಸಣ್ಣ ಕಾರು, 2022ರಲ್ಲಿ ನಿಂತುಹೋಯಿತು. ಅದೇ ನಿಸ್ಸಾನ್ ಕಂಪನಿ ಡಾಟ್ಸನ್ ಹೆಸರಿನಲ್ಲಿ 1969ರ ಕೊನೆಯಲ್ಲಿ ಈ ಸ್ಪೋರ್ಟ್ಸ್ ಕಾರನ್ನು ತಂದಿತು. ಉದ್ದ ಬಾನೆಟ್, ಗಿಡ್ಡ ಹಿಂಭಾಗ, ಎರಡೇ ಸೀಟು. ಒಳಗೆ 2.4 ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಕಾರ್ಬುರೇಟರ್. ಜಪಾನಿನಲ್ಲಿ ಇದರ ಹೆಸರು ಫೇರ್‌ಲೇಡಿ. ಅಮೆರಿಕದಲ್ಲಿ ನಿಸ್ಸಾನ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುಟಾಕಾ ಕತಾಯಾಮಾ ಅವರಿಗೆ ಆ ಹೆಸರು ಸುತರಾಂ ಇಷ್ಟವಾಗಲಿಲ್ಲ. ಬ್ಯಾಡ್ಜ್ ಕೀಳಿಸಿ 240ಝೀ ಅಂತ ಹಾಕಿಸಿದರು.

ಇಲ್ಲಿ ಇದರ ಬೆಲೆ 3,526 ಡಾಲರ್ ಇತ್ತು. ಪೋರ್ಷೆ 911 ಬೇಕು ಅಂದರೆ ಹೆಚ್ಚು ಕಡಿಮೆ ಎರಡರಷ್ಟು ಕೊಡಬೇಕಾಗಿತ್ತು. ಮೇಷ್ಟ್ರು, ನರ್ಸು, ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರು ಕೂಡ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಇದು. ರೇಸಿನಲ್ಲೂ ಹೆಸರು ಮಾಡಿತು. 1970 ಮತ್ತು 1971ರಲ್ಲಿ ಜಾನ್ ಮಾರ್ಟನ್ ಇದನ್ನು ಓಡಿಸಿ ಅಮೆರಿಕದ ಸಿ ಪ್ರೊಡಕ್ಷನ್ ಅನ್ನುವ ರೇಸ್ ವರ್ಗದಲ್ಲಿ ಚಾಂಪಿಯನ್ ಆದರು. 1973ರಲ್ಲಿ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯನ್ನು ಈ ಕಾರಿನಲ್ಲಿ ಗೆದ್ದವರು ಶೇಖರ್ ಮೆಹ್ತಾ. ಉಗಾಂಡಾದಲ್ಲಿ ಹುಟ್ಟಿ ಕೀನ್ಯಾದಲ್ಲಿ ನೆಲೆಸಿದ ಭಾರತೀಯ ಮೂಲದವರು, ಆಮೇಲೆ ಅದೇ ರ‍್ಯಾಲಿಯನ್ನು ಇನ್ನೂ ನಾಲ್ಕು ಸಲ ಗೆದ್ದರು. ನಮ್ಮವರು ಇವರ ಹೆಸರನ್ನು ಇಷ್ಟು ಕಡಿಮೆ ಹೇಳುವುದು ಯಾಕೋ ಗೊತ್ತಿಲ್ಲ.

ಇನ್ನು ರೇಟಿನ ವಿಷಯಕ್ಕೆ ಬರೋಣ. 240ಝೀ ಅಪರೂಪದ ಕಾರೇನಲ್ಲ. 1973ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ಹಾಗಿದ್ದರೆ ಅವೆಲ್ಲ ಎಲ್ಲಿ ಹೋದವು? ಹೆಚ್ಚಿನವನ್ನು ತುಕ್ಕು ತಿಂದುಹಾಕಿತು. ಆ ಕಾಲದ ಜಪಾನಿ ತಗಡು ತೆಳ್ಳಗೆ, ತುಕ್ಕು ತಡೆಯುವ ಲೇಪನ ನೆಪಮಾತ್ರಕ್ಕೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಊರುಗಳಲ್ಲಿ ಹತ್ತು ವರ್ಷದೊಳಗೆ ನೆಲ ತೂತು ಬೀಳುತ್ತಿತ್ತು.

ಇದರ ತುಕ್ಕಿಗೆ ತನ್ನದೇ ದಾರಿ ಇದೆ. ಬಾನೆಟ್ ಎತ್ತಿದರೆ ಹಿಂದಿನ ಮೂಲೆಯಲ್ಲಿ, ಪ್ರಯಾಣಿಕರ ಬದಿಗೆ ಬ್ಯಾಟರಿ ಕೂತಿರುತ್ತದೆ. ಹಳೇ ಬ್ಯಾಟರಿಯಿಂದ ಆಸಿಡ್ ಜಿನುಗಿ ಮೊದಲು ಬ್ಯಾಟರಿಯ ಟ್ರೇ ತಿನ್ನುತ್ತದೆ. ಅಲ್ಲಿಂದ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಮೇಲೆ ಇಳಿಯುತ್ತದೆ. ಅಲ್ಲಿಂದ ಕಾಲಿಡುವ ನೆಲಕ್ಕೆ, ನೆಲದ ಕೆಳಗಿರುವ ಫ್ರೇಮಿಗೆ. ಮೇಲೆ ಕಾರ್ಪೆಟ್ ಇರುವುದರಿಂದ ಏನೂ ಕಾಣುವುದಿಲ್ಲ. ನನ್ನ ಕಾರಿನ ಕಾರ್ಪೆಟ್ ಕಿತ್ತಾಗ ಕೆಳಗೆ ಟಾರು ಬಳಿದ ಹಾಳೆ ಇತ್ತು. ಸ್ಕ್ರೂಡ್ರೈವರ್ ತುದಿಯಿಂದ ಅದನ್ನು ಎತ್ತಿದರೆ ತಗಡೂ ಅದರ ಜೊತೆಗೇ ಬಿಸ್ಕತ್ತಿನ ಪುಡಿ ಥರ ಎದ್ದು ಬಂತು. ಆ ತೂತಿನಿಂದ ಗ್ಯಾರೇಜಿನ ಸಿಮೆಂಟು ನೆಲ ಕಾಣುತ್ತಿತ್ತು.

1985ರಲ್ಲೋ 1995ರಲ್ಲೋ ಇಂಥ ಕಾರು ಇದ್ದವರು ಏನು ಮಾಡಬೇಕಾಗಿತ್ತು ಹೇಳಿ? ಓಡುವ ಝೀ ಒಂದು ಕೆಲವೇ ಸಾವಿರ ಡಾಲರಿಗೆ ಸಿಗುತ್ತಿದ್ದ ಕಾಲ ಅದು. ನೆಲ ಕತ್ತರಿಸಿ, ಹೊಸ ತಗಡು ಬೆಸೆದು, ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಲು ಅದರ ಎರಡು ಮೂರು ಪಟ್ಟು ಖರ್ಚು. ಬುದ್ಧಿ ನೆಟ್ಟಗಿದ್ದವರು ಯಾರೂ ಮಾಡಿಸಲಿಲ್ಲ. ಎಂಜಿನ್ ಕಿತ್ತು ಮಾರಿದರು, ಉಳಿದದ್ದನ್ನು ಗುಜರಿಗೆ ಹಾಕಿದರು. ಇನ್ನು ಕೆಲವರು ಅಮೆರಿಕದ ದೊಡ್ಡ ವಿ8 ಎಂಜಿನ್ ತುರುಕಿ, ಬಾಡಿ ಕತ್ತರಿಸಿ, ರೆಕ್ಕೆ ಗಿಕ್ಕೆ ಸಿಕ್ಕಿಸಿ ಆಟ ಆಡಿದರು. ಅವರನ್ನು ಬೈಯುವ ಹಾಗಿಲ್ಲ. ಆಗ ಅದು ಬರೀ ಸೆಕೆಂಡ್‌ಹ್ಯಾಂಡ್ ಡಾಟ್ಸನ್, ಅಷ್ಟೆ.

ಸ್ವತಃ ನಿಸ್ಸಾನ್ ಕಂಪನಿಯೇ ಒಂದು ಪ್ರಯತ್ನ ಮಾಡಿತು. 1996ರ ನಂತರ ಅಮೆರಿಕದಲ್ಲಿ ಝೀ ಸರಣಿಯ ಹೊಸ ಕಾರು ಇರಲಿಲ್ಲ. ಹೆಸರು ಜನರ ಬಾಯಲ್ಲಿ ಉಳಿಯಲಿ ಅಂತ ಹಳೇ 240ಝೀಗಳನ್ನು ಕೊಂಡು, ಪೂರ್ತಿ ಬಿಚ್ಚಿ ಹೊಸದರಂತೆ ಮಾಡಿ, ತನ್ನ ಷೋರೂಮುಗಳಲ್ಲೇ ಸುಮಾರು 25 ಸಾವಿರ ಡಾಲರಿಗೆ ಮಾರಿತು. ಒಂದೊಂದಕ್ಕೂ ಹಿಡಿದ ಕೆಲಸ ಎಷ್ಟೆಂದರೆ ಲೆಕ್ಕ ಕುದುರಲಿಲ್ಲ. ನಲವತ್ತು ಕಾರು ಮುಟ್ಟುವ ಮೊದಲೇ ನಿಲ್ಲಿಸಿಬಿಟ್ಟರು. ಕಾರು ಮಾಡಿದ ಕಂಪನಿಯೇ, ಇಷ್ಟು ರೇಟಿಗೆ ಇದನ್ನು ಉಳಿಸಲಾಗುವುದಿಲ್ಲ ಅಂತ ಕೈ ಚೆಲ್ಲಿದ ಹಾಗಾಯಿತು.

ಈಗ ಆ ಲೆಕ್ಕ ತಿರುಗಿದೆ. ಕಾರಿಗೆ ಬೆಲೆ ಬಂದಿರುವುದರಿಂದ ರಿಪೇರಿಗೂ ಅರ್ಥ ಬಂದಿದೆ. ಝೀಗೆ ಬೇಕಾದ ನೆಲದ ತಗಡು, ಫ್ರೇಮು, ಬಾಗಿಲಿನ ಹಿಂದಿನ ಮೂಲೆಯ ತುಂಡು, ರಬ್ಬರ್ ಬೀಡಿಂಗ್ ಎಲ್ಲವನ್ನೂ ಹೊಸದಾಗಿ ಮಾಡಿ ಮಾರುವ ಸಣ್ಣ ಸಣ್ಣ ಅಂಗಡಿಗಳು ಹುಟ್ಟಿಕೊಂಡಿವೆ. ಮೂರು ಸಾವಿರದ ಕಾರಿಗೆ ಯಾರೂ ಅಚ್ಚು ಮಾಡಿಸಿ ತಗಡು ಒತ್ತುವುದಿಲ್ಲ. ನನ್ನ ಕಾರಿನ ನೆಲ ಇವತ್ತು ಗಟ್ಟಿಯಾಗಿದ್ದರೆ ಅದಕ್ಕೆ ಕಾರಣ ನನ್ನ ಪ್ರೀತಿ ಅಲ್ಲ, ರೇಟು. "ಶ್ರೀಮಂತರು ಬಂದು ನಮ್ಮ ಹವ್ಯಾಸ ಹಾಳು ಮಾಡಿದರು" ಅಂತ ಗೊಣಗುವ ಹಳಬರಿಗೆ ನಾನು ಹೇಳುವುದು ಇಷ್ಟೇ: ರೇಟು ಏರದೆ ಇದ್ದಿದ್ದರೆ ನಿಮ್ಮ ಕಾರೂ ಗುಜರಿಗೆ ಹೋಗಿರುತ್ತಿತ್ತು.

ಬೆಲೆ ಏರಿಸಿದವರು ಯಾರು? ಹೆಚ್ಚಾಗಿ 70ರ ದಶಕದಲ್ಲಿ ಸ್ಕೂಲಿಗೆ ಹೋಗುತ್ತಿದ್ದವರು. ಪಕ್ಕದ ಮನೆಯ ಅಣ್ಣನ ಝೀ ನೋಡಿ ಬಾಯಿ ಬಿಟ್ಟವರು, ಈಗ ಮಕ್ಕಳ ಓದು ಮುಗಿಸಿ ಕೈಯಲ್ಲಿ ಸ್ವಲ್ಪ ದುಡ್ಡಿರುವವರು. ಬೆಂಗಳೂರಿನಲ್ಲಿ ಯಮಹಾ ಆರ್‌ಎಕ್ಸ್100ಗೆ ಲಕ್ಷ ರೂಪಾಯಿ ದಾಟಿ ಕೇಳುತ್ತಾರಲ್ಲ, ಅದೂ ಇದೇ ಜಾತಿಯ ಆಸೆ. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕೂತವರು ಆನ್‌ಲೈನ್ ಹರಾಜಿನಲ್ಲಿ ಕೂಗಿದ್ದೇ ಕೂಗಿದ್ದು, ರೇಟು ಇನ್ನೂ ಮೇಲೆ ಹೋಯಿತು. ಆಮೇಲೆ ಸ್ವಲ್ಪ ತಣ್ಣಗಾಗಿದೆ.

ಹಾಗಾದರೆ "ಲಕ್ಷಗಟ್ಟಲೆ ಡಾಲರ್" ಅನ್ನುವ ಮಾತು ಎಲ್ಲಿಂದ ಬಂತು? 2020ರ ಜನವರಿಯಲ್ಲಿ 1971ರ ಒಂದು 240ಝೀ ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತು. ಸುದ್ದಿ ಎಲ್ಲ ಕಡೆ ಹಬ್ಬಿತು. ಅದೇ ತಿಂಗಳು ಜಪಾನಿನಲ್ಲಿ ಇದರ ರೇಸ್ ಅಣ್ಣ, ಅಂದರೆ ನಿಸ್ಸಾನಿನದೇ ಸ್ಕೈಲೈನ್ ಜಿಟಿ-ಆರ್ ಕಾರಿನ ಎಂಜಿನ್ ಇರುವ 432ಆರ್, 8 ಕೋಟಿ ಯೆನ್ ದಾಟಿತು. ಅವು ಬೇರೆಯದೇ ಲೋಕದ ಕಾರು. ಆ ಅಮೆರಿಕದ ಕಾರು ಕಡಿಮೆ ಓಡಿದ್ದು, ಹೆಚ್ಚು ಕಡಿಮೆ ಕಾರ್ಖಾನೆಯಿಂದ ಬಂದ ಹಾಗೇ ಉಳಿದಿದ್ದು. ಇಂಥದ್ದಕ್ಕೆ ಇಬ್ಬರು ಹಟ ಹಿಡಿದು ಕೂತರೆ ಸಂಖ್ಯೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. 2022ರಲ್ಲಿ ಮರ್ಸಿಡಿಸ್‌ನ 300 ಎಸ್‌ಎಲ್‌ಆರ್ ಕೂಪೆ ಒಂದು 13.5 ಕೋಟಿ ಯೂರೋಗೆ ಮಾರಾಟವಾಯಿತು. ಅದರಿಂದ ಊರಿನ ಹಳೇ ಬೆಂಜ್‌ಗಳೆಲ್ಲ ಚಿನ್ನವಾದವಾ? ಇಲ್ಲ ಅಲ್ವಾ.

ನನ್ನದು ಓಡಿಸುವ ಕಾರು. ಬಣ್ಣ ಒಮ್ಮೆ ಬದಲಾಗಿದೆ. ಎಂಜಿನ್ ನಂಬರು ಬಾನೆಟ್ ಕೆಳಗಿನ ಫಲಕದ ನಂಬರಿಗೆ ತಾಳೆಯಾಗುವುದಿಲ್ಲ, ಯಾವ ಮಾಲೀಕರ ಕಾಲದಲ್ಲೋ ಎಂಜಿನ್ ಬದಲಾಗಿದೆ. ಇಂಥದ್ದಕ್ಕೆ ಇಲ್ಲಿ ಇಪ್ಪತ್ತರಿಂದ ಮೂವತ್ತು ಸಾವಿರ ಡಾಲರ್ ಆಸುಪಾಸು. ಈಗ ಒಂದು ಸಣ್ಣ ಗಣಿತ ಮಾಡಿ. 1970ರ 3,526 ಡಾಲರನ್ನು ಹಣದುಬ್ಬರಕ್ಕೆ ಸರಿದೂಗಿಸಿದರೆ 2024ರಲ್ಲಿ ಸುಮಾರು 28 ಸಾವಿರ ಆಗುತ್ತದೆ. ಅಂದರೆ ಅರ್ಧ ಶತಮಾನ ಕಳೆದ ಮೇಲೆ ಈ ಕಾರು ಷೋರೂಮಿನಿಂದ ಹೊರಟ ಬೆಲೆಗೇ ವಾಪಸ್ ಬಂದು ನಿಂತಿದೆ! ನಡುವೆ ಪಾತಾಳಕ್ಕೆ ಇಳಿದಿತ್ತು, ಅಲ್ಲಿಂದ ಎದ್ದು ಬಂದಿದೆ. ತಳದಲ್ಲಿದ್ದಾಗ ಕೊಂಡವರಿಗೆ ಇದು ಏರಿಕೆಯಾಗಿ ಕಾಣುತ್ತದೆ, ಅಷ್ಟೆ.

ಅದರಲ್ಲೂ ಕಾರು ಸುಮ್ನೆ ಕೂತು ಏರುವುದಿಲ್ಲ. ಒಳ್ಳೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದರೆ 15 ಸಾವಿರ ಡಾಲರ್ ಸಲೀಸಾಗಿ ಹೋಗುತ್ತದೆ. ಇನ್ಶೂರೆನ್ಸ್‌ನವರು ಇಂಥ ಕಾರಿಗೆ ಮೊದಲೇ ಒಪ್ಪಿಕೊಂಡ ಮೊತ್ತಕ್ಕೆ ಪಾಲಿಸಿ ಕೊಡುತ್ತಾರೆ. ರೇಟು ಏರಿದಂತೆ ಆ ಮೊತ್ತ ಏರಿಸಬೇಕು, ಕಂತೂ ಏರುತ್ತದೆ. ಹಳೇ ಬಿಡಿಭಾಗಗಳ ರೇಟೂ ಹಾಗೆಯೇ. ಡ್ಯಾಶ್‌ಬೋರ್ಡನ್ನೇ ನೋಡಿ. ಈ ಕಾರಿನ ಡ್ಯಾಶು ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಹೊದಿಕೆ. ಬಿಸಿಲಿಗೆ ಒಣಗಿ ಬಿರಿಯುತ್ತದೆ. ಮಧ್ಯದ ಮೂರು ಸಣ್ಣ ಮೀಟರುಗಳ ಮೇಲೆ ಮೊದಲ ಗೆರೆ ಮೂಡುತ್ತದೆ, ಅಲ್ಲಿಂದ ಗಾಜಿನ ಕಡೆಗೆ ಹರಿಯುತ್ತದೆ. ಬಿರುಕಿಲ್ಲದ ಅಸಲಿ ಡ್ಯಾಶು ಸಿಕ್ಕರೆ ಅದರ ಮಾಲೀಕರು ಕೇಳುವ ಬೆಲೆಗೆ ಹಿಂದೆ ಇಡೀ ಕಾರೇ ಬರುತ್ತಿತ್ತು. ನಾನು ನನ್ನ ಬಿರುಕನ್ನು ಹಾಗೇ ಬಿಟ್ಟಿದ್ದೇನೆ. ಮೇಲೊಂದು ಬಟ್ಟೆ ಹಾಸಿದ್ದೇನೆ.

ಇನ್ನೊಂದು ವಿಷಯ, ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಮಾತ್ರ. ಇಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. 240ಝೀ ಪಾರು. ಇದರ ನಂತರ ಬಂದ 280ಝೀಯಲ್ಲಿ 1975ರದ್ದು ಪಾರು, 1976ರದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ಕಾರು, ಒಂದೇ ಎಂಜಿನ್, ಒಂದು ವರ್ಷದ ಅಂತರ. ಕೊಳ್ಳುವವರು ಆ ಒಂದು ವರ್ಷಕ್ಕೇ ಬೇರೆ ರೇಟು ಕೊಡುತ್ತಾರೆ. ಹಳೇ ಕಾರಿನ ಬೆಲೆ ಕಾರಿನಲ್ಲಿ ಎಷ್ಟಿದೆಯೋ ಕಾನೂನಿನಲ್ಲೂ ಅಷ್ಟೇ ಇದೆ.

ಇನ್ನು "ಮಾರಿಬಿಡಬಾರದಾ" ಅನ್ನುವುದಕ್ಕೆ. ಇದು ಬೆಂಗಳೂರಿನಲ್ಲಿ ನೀವು ವಾಸ ಇರುವ ಒಂದೇ ಮನೆಯ ರೇಟು ಏರಿದ ಹಾಗೆ. ಮಾರಿದರೆ ಮತ್ತೆ ಕೊಳ್ಳುವಾಗಲೂ ಅದೇ ಏರಿದ ರೇಟು ಕೊಡಬೇಕು. ನನಗೆ ಬೇಕಿರುವುದು ಭಾನುವಾರ ಬೆಳಿಗ್ಗೆ ಗುಡ್ಡದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಎಳೆಯುವ ಆರು ಸಿಲಿಂಡರು. ಅದನ್ನು ಮಾರಿ ಬಂದ ದುಡ್ಡಿಗೆ ಅದನ್ನೇ ಕೊಳ್ಳಬೇಕು.

ನಿಜಕ್ಕೂ ನಷ್ಟ ಆಗಿರುವುದು ಎಲ್ಲಿ ಅಂದರೆ ರಸ್ತೆಯಲ್ಲಿ. ಮೊದಲು ಝೀ ಕೂಟ ಸೇರಿದರೆ ಎಣ್ಣೆ ಮೆತ್ತಿದ ಕೈಗಳೇ ಜಾಸ್ತಿ ಇರುತ್ತಿದ್ದವು. ಈಗ ಕೆಲವರು ಟ್ರೈಲರ್ ಮೇಲೆ ಕಾರು ತರುತ್ತಾರೆ, ಇಳಿಸುತ್ತಾರೆ, ಒರೆಸುತ್ತಾರೆ, ಮತ್ತೆ ಏರಿಸಿಕೊಂಡು ಹೋಗುತ್ತಾರೆ. ಕಿಲೋಮೀಟರ್ ಜಾಸ್ತಿಯಾದರೆ ರೇಟು ಬೀಳುತ್ತದೆ ಅನ್ನುವ ಭಯ. ಓಡದ ಕಾರಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಒಣಗಿ ಅಂಟಾಗುತ್ತದೆ, ಬ್ರೇಕು ಹಿಡಿದುಕೊಳ್ಳುತ್ತದೆ, ಸೀಲುಗಳು ಒಣಗುತ್ತವೆ. ಅವರ ಕಾರು, ಅವರ ಇಷ್ಟ. ನನಗೆ ಮಾತ್ರ ಅದು ನೋಡಲಾಗುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಕೊಳ್ಳಲೇಬೇಕು ಅನಿಸಿದರೆ, ತುಕ್ಕಿಲ್ಲದ ಒಣ ಊರಿನ ಕಾರನ್ನೇ ಹುಡುಕಿ. ಹಳೇ ಎಂಜಿನ್ ಇದ್ದರೂ ಚಿಂತೆಯಿಲ್ಲ. ಈ ಎಂಜಿನ್ ಗಟ್ಟಿ, ರಿಪೇರಿಯೂ ಸುಲಭ. ಬಣ್ಣಕ್ಕೆ ಮರುಳಾಗಬೇಡಿ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ, ಬಾಗಿಲಿನ ಹಿಂದಿನ ಮೂಲೆಗೆ ಹಿಡಿಯಿರಿ. ಅಂಟದಿದ್ದರೆ ಒಳಗಿರುವುದು ಪುಟ್ಟಿ. ಕಿಟಕಿ ಏರಿಸಿ ಒಂದು ಸುತ್ತು ಓಡಿಸಿ. ಒಳಗೆ ಹೊಗೆ ವಾಸನೆ ತುಂಬಿಕೊಂಡರೆ ಡಿಕ್ಕಿಯ ರಬ್ಬರೋ ಹಿಂದಿನ ದೀಪದ ಗ್ಯಾಸ್ಕೆಟ್ಟೋ ಹೋಗಿದೆ. ಅದು ಚಿಕ್ಕ ಕೆಲಸ, ಚೌಕಾಸಿಗೆ ಇಟ್ಟುಕೊಳ್ಳಿ. ಆಮೇಲೆ ಕಾರ್ಪೆಟ್ ಎತ್ತಿಸಿ. ಎತ್ತಲು ಒಪ್ಪದವರ ಹತ್ತಿರ ಮಾತು ಮುಂದುವರಿಸಬೇಡಿ. ಬ್ಯಾಟರಿ ಟ್ರೇ ಕೆಳಗೆ ಟಾರ್ಚ್ ಬಿಟ್ಟು ನೋಡುವವರೆಗೆ ಒಂದು ಡಾಲರ್ ಮುಂಗಡವನ್ನೂ ಕೊಡಬೇಡಿ.