ಬಿಗಿ ಗಂಟು, ಸಡಿಲ ಗಂಟು

ಪುಣೆ, 18 ಜುಲೈ 2024, ಗುರುವಾರ

ಇಂದು ಜೆಲ್‌ನಲ್ಲಿ, ಅಂದರೆ ವಿದ್ಯುತ್ ಹರಿಸಿ ಆರ್‌ಎನ್‌ಎ ಓಡಿಸುವ ಜೆಲ್ಲಿ ಹಲಗೆಯಲ್ಲಿ, ನಾಲ್ಕನೇ ಲೇನಿನ ಆರ್‌ಎನ್‌ಎ ಕೆಳಗೆ ಇಳಿದಿತ್ತು! ಪಾಷಾಣ್ ಬಡಾವಣೆಯ ಮಳೆಯಲ್ಲಿ ನೆನೆದ ಪ್ಯಾಂಟು ಇನ್ನೂ ಒಣಗಿರಲಿಲ್ಲ, ಯುವಿ ಬೆಳಕಿನ ಮುಂದೆ ಹಾಗೇ ನಿಂತುಬಿಟ್ಟೆ.

ಎಸ್‌ಐ-ಆರ್‌ಎನ್‌ಎ ಅಂದರೆ ಕೋಶದಲ್ಲಿ ಒಂದು ಜೀನಿನ ಬಾಯಿ ಮುಚ್ಚಿಸುವ, ಜೋಡಿ ಎಳೆಯ ಪುಟ್ಟ ಆರ್‌ಎನ್‌ಎ. ನಮ್ಮದರ ಒಂದೊಂದು ಎಳೆಗೆ 21 ಅಕ್ಷರ. ಬರಿಮೈಲಿ ರಕ್ತಕ್ಕೆ ಬಿಟ್ಟರೆ ಕಿಣ್ವಗಳು ನಿಮಿಷಗಳಲ್ಲಿ ಕತ್ತರಿಸುತ್ತವೆ. ಅದರ ಮೈ ಋಣಾವೇಶದ್ದು, ಕೋಶದ ಪೊರೆಯದೂ ಅದೇ. ಒಳಗೆ ಸೇರಿಸಿಕೊಳ್ಳುವುದಿಲ್ಲ. ಅದಕ್ಕೇ ಧನಾವೇಶದ ಪಾಲಿಮರ್ (ಉದ್ದ ಸರಪಳಿಯಂಥ ಅಣು) ಸುತ್ತಿ ನೂರು ನ್ಯಾನೊಮೀಟರ್ ಆಸುಪಾಸಿನ ಉಂಡೆ ಮಾಡುತ್ತೇವೆ. ಕೋಶ ಅದನ್ನು ನುಂಗುತ್ತದೆ. ಆದರೆ ನುಂಗಿದ್ದು ಎಂಡೋಸೋಮ್ ಎಂಬ ಚೀಲದಲ್ಲೇ ಉಳಿಯುತ್ತದೆ. ಲಿಪಿಡ್, ಅಂದರೆ ಕೊಬ್ಬಿನ ಕಣಗಳನ್ನು ಅಳೆದ 2013ರ ಅಧ್ಯಯನದಲ್ಲಿ ಹೊರಗೆ ಬಂದದ್ದು ಶೇ. 1ರಿಂದ 2 ಮಾತ್ರ. ಪಿಇಐ ಎಂಬ ಪಾಲಿಮರ್ ಚೀಲ ಒಡೆಯುವುದರಲ್ಲಿ ಗಟ್ಟಿಗ, ಆದರೆ ಕೋಶವನ್ನೇ ಕೊಲ್ಲುತ್ತದೆ. ಹೊರಬಂದರೂ ಮುಗಿಯಲಿಲ್ಲ, ಉಂಡೆ ಬಿಚ್ಚಬೇಕು. ಆರು ತಿಂಗಳಿಂದ ನಾನು ತಲೆ ಕೆಡಿಸಿಕೊಂಡಿರುವುದು ಇದಕ್ಕೇ.

ಕಳೆದ ವಾರ ಧಾರವಾಡದಿಂದ ಶೇಂಗಾ ಚಟ್ನಿಪುಡಿ ಬಂತು. ಅವ್ವ ಎಷ್ಟು ಬಿಗಿದಿದ್ದಳೆಂದರೆ ಕತ್ತರಿ ತರಬೇಕಾಯಿತು. ಫೋನಿನಲ್ಲಿ ಹೇಳಿದರೆ, "ಸಡ್ಲ ಕಟ್ಟಿದ್ರ ಬಸ್ಸಿನ್ಯಾಗ ಚೆಲ್ತದಲ್ಲೋ!" ಅಂದಳು.

ಅವ್ವನ ಮಾತು ಪೂರ್ತಿ ಸರಿ. ರಕ್ತದಲ್ಲಿ ಬಿಗಿ ಇರಬೇಕು, ಕೋಶದೊಳಗೆ ತಾನೇ ಬಿಚ್ಚಬೇಕು. ಹೊಸ ಪಾಲಿಮರ್‌ನ ಕೊಂಡಿಗಳಲ್ಲಿ ಡೈಸಲ್ಫೈಡ್ ಬಂಧ (ಎರಡು ಗಂಧಕದ ಪರಮಾಣುಗಳ ಜೋಡಣೆ) ಇಟ್ಟಿದ್ದೇವೆ. ಗ್ಲುಟಾಥಯೋನ್ ಎಂಬ ದೇಹದ್ದೇ ಪುಟ್ಟ ಅಣು ಅದನ್ನು ಮುರಿಯುತ್ತದೆ. ಕೋಶದೊಳಗೆ ಅದು 1ರಿಂದ 10 ಮಿಲಿಮೋಲಾರ್, ರಕ್ತದಲ್ಲಿ ಬರೀ ಮೈಕ್ರೋಮೋಲಾರ್ (ಮಿಲಿಮೋಲಾರ್‌ನ ಸಾವಿರದ ಒಂದು ಪಾಲು) ಲೆಕ್ಕ.

ಮೊದಲ ಲೇನ್‌ನಲ್ಲಿ ಬರೀ ಆರ್‌ಎನ್‌ಎ, ಸಲೀಸಾಗಿ ಕೆಳಗೆ ಓಡಿತ್ತು. ಎರಡರಲ್ಲಿ ಉಂಡೆ, ಮೇಲ್ತುದಿಯ ಕುಳಿಯಾದ ವೆಲ್‌ ಬಿಟ್ಟು ಕದಲಿರಲಿಲ್ಲ. ಮೂರಕ್ಕೆ 10 ಮೈಕ್ರೋಮೋಲಾರ್ ಗ್ಲುಟಾಥಯೋನ್, ಅಲ್ಲೂ ಕದಲಿಲ್ಲ. ನಾಲ್ಕಕ್ಕೆ 10 ಮಿಲಿಮೋಲಾರ್. ಆರ್‌ಎನ್‌ಎ ಕಿತ್ತಳೆ ಪಟ್ಟಿಯಾಗಿ ಮೊದಲನೆಯದರ ಸಮಕ್ಕೆ ಬಂದು ನಿಂತಿತ್ತು.

2010ರಲ್ಲೇ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಮಾರ್ಕ್ ಡೇವಿಸ್ ತಂಡ ಸೈಕ್ಲೋಡೆಕ್ಸ್‌ಟ್ರಿನ್ ಪಾಲಿಮರ್ ಕಣಗಳನ್ನು ರೋಗಿಗಳ ರಕ್ತನಾಳಕ್ಕೆ ಕೊಟ್ಟು, ಕ್ಯಾನ್ಸರ್ ಗೆಡ್ಡೆಯೊಳಗೆ ಅವು ತಲುಪಿದ್ದನ್ನು ತೋರಿಸಿತ್ತು. 2018ರಲ್ಲಿ ಒಪ್ಪಿಗೆ ಪಡೆದ ಮೊದಲ ಎಸ್‌ಐ-ಆರ್‌ಎನ್‌ಎ ಔಷಧ ಪಟಿಸಿರಾನ್ ಮಾತ್ರ ಲಿಪಿಡ್ ಕಣದಲ್ಲಿ ಬಂತು, ಅದು ಹೋಗುವುದು ಯಕೃತ್ತಿಗೆ. ಉಳಿದ ಅಂಗಗಳಿಗೂ ದಾರಿ ಬೇಕು. ಪಾಲಿಮರ್ ಬಿಡಬಾರದು ಅಂತ ನಾನು ಹಟ ಹಿಡಿದಿರುವುದು ಅದಕ್ಕೇ.

ಇದು ಬರೀ ಟ್ಯೂಬಿನ ಮಾತು. ಸೂಕ್ಷ್ಮದರ್ಶಕದಲ್ಲಿ ಇಷ್ಟು ದಿನ ಕಂಡದ್ದು ಚೀಲದೊಳಗೆ ಸಿಕ್ಕಿಬಿದ್ದ ಆರ್‌ಎನ್‌ಎಯ ಹಸಿರು ಚುಕ್ಕೆಗಳು. ನಾಳೆ ಎಂಟಕ್ಕೆ ಹೀಲಾ ಕೋಶಗಳನ್ನು (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಪ್ಲೇಟಿಗೆ ಹಾಕುತ್ತೇನೆ.