ಅಲುಗಾಡಿದವರು ಉಳಿಯದ ಚಿತ್ರಗಳು

1838ರಲ್ಲಿ ಲೂಯಿ ಡಾಗೇರ್ ಪ್ಯಾರಿಸ್ಸಿನ ತನ್ನ ಕಿಟಕಿಯಿಂದ ಬುಲೆವಾರ್ ದ್ಯು ಟಾಂಪ್ಲ್ ಎಂಬ ಬೀದಿಯನ್ನು ಬೆಳ್ಳಿ ಲೇಪಿಸಿದ ತಾಮ್ರದ ಫಲಕದ ಮೇಲೆ ಸೆರೆಹಿಡಿದ. ಸಾಲಾಗಿ ನಾಟಕಶಾಲೆಗಳಿದ್ದ, ಜನ ಮತ್ತು ಕುದುರೆಗಾಡಿಗಳು ಸದಾ ಓಡಾಡುತ್ತಿದ್ದ ಬೀದಿ ಅದು. ಚಿತ್ರದಲ್ಲಿ ಮಾತ್ರ ಬಿಕೋ ಎನ್ನುತ್ತದೆ. ಫಲಕದ ಮೇಲೆ ಚಿತ್ರ ಮೂಡಲು ಹಲವು ನಿಮಿಷಗಳ ಬೆಳಕು ಬೇಕಾಗಿದ್ದುದರಿಂದ, ಅಷ್ಟು ಹೊತ್ತಿನಲ್ಲಿ ಅತ್ತಿಂದಿತ್ತ ಸರಿದುಹೋದ ಯಾರೂ ಅದರ ಮೇಲೆ ಗುರುತು ಉಳಿಸಲಿಲ್ಲ. ಎಡಗಡೆಯ ಕೆಳಭಾಗದಲ್ಲಿ ಒಬ್ಬನ ಆಕೃತಿ ಮಾತ್ರ ಎದ್ದು ಕಾಣುತ್ತದೆ. ಆತ ಒಂದು ಕಾಲನ್ನು ತುಸು ಎತ್ತಿ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ನಿಂತಿದ್ದಾನೆ. ಮನುಷ್ಯನ ಆಕೃತಿ ಇರುವ, ನಮಗೆ ತಿಳಿದಿರುವ ಮೊದಲ ಛಾಯಾಚಿತ್ರವೆಂದು ಇದನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಅವನ ಕಾಲ ಬಳಿ ಕುಳಿತು ಪಾಲಿಶ್ ಹಾಕುತ್ತಿದ್ದವನು ಮಸುಕು ಮಸುಕಾಗಿ, ಹುಡುಕಿದರಷ್ಟೇ ಸಿಗುತ್ತಾನೆ.

ಕೆಲಸ ಮಾಡಿಸಿಕೊಂಡವನು ಉಳಿದ, ಕೆಲಸ ಮಾಡುತ್ತಿದ್ದವನು ಅಳಿಸಿಹೋಗುವ ಅಂಚಿನಲ್ಲಿದ್ದಾನೆ. ಹಳೆಯ ಛಾಯಾಚಿತ್ರಗಳನ್ನು ನೋಡುವಾಗಲೆಲ್ಲ ನನ್ನನ್ನು ಕಾಡುವುದು ಇದೇ ಸಂಗತಿ. ಆ ಕಾಲದ ದಿನನಿತ್ಯದ ಬದುಕನ್ನು ಆ ಚಿತ್ರಗಳಲ್ಲಿ ಓದಬೇಕಾದರೆ, ಕ್ಯಾಮೆರಾಕ್ಕೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕಾಗುತ್ತದೆ.

ತಾಯಂದಿರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೋಗಳಲ್ಲಿ ಕೂಸುಗಳ ಚಿತ್ರ ತೆಗೆಯುವುದು ಬಹಳ ಕಷ್ಟದ ಕೆಲಸವಾಗಿತ್ತು, ಏಕೆಂದರೆ ಕೆಲವೇ ಸೆಕೆಂಡುಗಳ ಕಾಲವಾದರೂ ಕೂಸು ಕದಲದೆ ಇರುವುದು ದುರ್ಲಭ. ಅದಕ್ಕೆ ಕಂಡುಕೊಂಡ ಉಪಾಯವೆಂದರೆ, ತಾಯಿಯನ್ನೋ ದಾದಿಯನ್ನೋ ಕುರ್ಚಿಯ ಮೇಲೆ ಕೂರಿಸಿ, ಆಕೆಯ ಮೇಲೆ ತಲೆಯಿಂದ ಪಾದದವರೆಗೆ ಬಟ್ಟೆ ಹೊದಿಸಿ, ಮಗುವನ್ನು ಆಕೆಯ ತೊಡೆಯ ಮೇಲೆ ಕೂರಿಸುವುದು. ಇಂಥ ಚಿತ್ರಗಳು ಇಂದಿಗೂ ಸಾಕಷ್ಟು ಸಂಖ್ಯೆಯಲ್ಲಿ ಉಳಿದಿವೆ. ಮೊದಲ ನೋಟಕ್ಕೆ ಹೂವಿನ ಚಿತ್ತಾರದ ಹೊದಿಕೆಯಿರುವ ಕುರ್ಚಿಯೊಂದರಲ್ಲಿ ಮಗು ಕುಳಿತಂತೆ ಕಾಣುತ್ತದೆ. ಸ್ವಲ್ಪ ಹೊತ್ತು ದಿಟ್ಟಿಸಿದರೆ ಹೊದಿಕೆಯ ಕೆಳಗೆ ಮಂಡಿಗಳ ಉಬ್ಬು ಗೋಚರಿಸುತ್ತದೆ, ಆಮೇಲೆ ಭುಜ, ಕೊನೆಗೆ ಮಗುವಿನ ಸೊಂಟವನ್ನು ಬಿಗಿಯಾಗಿ ಹಿಡಿದಿರುವ ಬೆರಳುಗಳು. ಚಿತ್ರಕ್ಕೆ ಹಾಕುತ್ತಿದ್ದ ಅಂಡಾಕಾರದ ಚೌಕಟ್ಟು ಆಕೆಯನ್ನು ಬಹುಮಟ್ಟಿಗೆ ಮರೆಮಾಡುತ್ತಿತ್ತು. ಚೌಕಟ್ಟು ಕಳಚಿದ ಪ್ರತಿಗಳಲ್ಲಿ ಆಕೆ ಪೂರ್ತಿಯಾಗಿ ಹೊರಬರುತ್ತಾಳೆ. ಇವನ್ನು ದೆವ್ವದ ಚಿತ್ರಗಳೆಂದು ಹಂಚಿಕೊಳ್ಳುವವರಿದ್ದಾರೆ. ನನಗಂತೂ ಆ ಕಾಲದ ಮನೆವಾರ್ತೆಯ ಬಗ್ಗೆ ಇವುಗಳಷ್ಟು ನೇರವಾಗಿ ಹೇಳುವ ದಾಖಲೆ ಬೇರೊಂದಿಲ್ಲ ಎನಿಸುತ್ತದೆ.

ತಪ್ಪು ಕಥೆಗಳ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿಂತವರ ಪಾದಗಳ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಬುಡ ಕಂಡರೆ, ಅದು ಶವವನ್ನು ನಿಲ್ಲಿಸಿ ತೆಗೆದ ಚಿತ್ರವೆಂದು ಹೇಳುವ ರೂಢಿ ಹಬ್ಬಿದೆ. ಸತ್ತವರ ಚಿತ್ರ ತೆಗೆಸುವ ಪದ್ಧತಿ ಇದ್ದದ್ದು ನಿಜ. ಆದರೆ ಅವರನ್ನು ಸಾಮಾನ್ಯವಾಗಿ ಹಾಸಿಗೆಯ ಮೇಲೋ ಶವಪೆಟ್ಟಿಗೆಯಲ್ಲೋ ಮಲಗಿಸಿಯೇ ಚಿತ್ರ ತೆಗೆಯುತ್ತಿದ್ದರು, ಮಕ್ಕಳಾದರೆ ಹೆತ್ತವರ ಮಡಿಲಲ್ಲಿ. ಆ ಸ್ಟ್ಯಾಂಡು ಬದುಕಿರುವವರ ತಲೆ ಅಲುಗಾಡದಂತೆ ಹಿಂದಿನಿಂದ ಆನಿಕೆ ಕೊಡುವ ಸಾಧನ. ದೇಹದ ಭಾರವನ್ನು ಹೊರುವ ಶಕ್ತಿ ಅದಕ್ಕಿರಲಿಲ್ಲ. ಹಾಗಾಗಿ ಸ್ಟ್ಯಾಂಡು ಕಂಡರೆ ಆ ವ್ಯಕ್ತಿ ಜೀವಂತವಾಗಿದ್ದರೆಂದೇ ತಿಳಿಯಬೇಕು. ಹಳೆಯ ಚಿತ್ರಗಳಲ್ಲಿ ಯಾರೂ ನಗುವುದಿಲ್ಲವೇಕೆ ಎಂಬ ಪ್ರಶ್ನೆಗೂ ದೀರ್ಘ ಎಕ್ಸ್‌ಪೋಷರ್, ಅಂದರೆ ಫಲಕದ ಮೇಲೆ ಬಹಳ ಹೊತ್ತು ಬೆಳಕು ಬೀಳಬೇಕಾಗಿದ್ದುದು, ಅರ್ಧ ಉತ್ತರ ಮಾತ್ರ. ಎಕ್ಸ್‌ಪೋಷರ್ ಕೆಲವೇ ಸೆಕೆಂಡುಗಳಿಗೆ ಇಳಿದ ಮೇಲೂ ಜನ ಗಂಭೀರವಾಗಿಯೇ ಕುಳಿತರು, ಏಕೆಂದರೆ ಬಣ್ಣದಲ್ಲಿ ಬರೆಸುತ್ತಿದ್ದ ಭಾವಚಿತ್ರಗಳ ಘನತೆಯನ್ನೇ ಅವರು ಛಾಯಾಚಿತ್ರದಿಂದಲೂ ಬಯಸಿದ್ದರು.

ಬಣ್ಣದ ವಿಷಯದಲ್ಲೂ ಆ ಫಲಕಗಳು ನಮ್ಮನ್ನು ದಾರಿ ತಪ್ಪಿಸುತ್ತವೆ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ, ಕೊಲೋಡಿಯನ್ ಎಂಬ ಅಂಟುದ್ರವವನ್ನು ಲೇಪಿಸುವ ವಿಧಾನದ ಫಲಕಗಳಿಗೆ ನೀಲಿ ಬೆಳಕಷ್ಟೇ ಚೆನ್ನಾಗಿ ನಾಟುತ್ತಿತ್ತು. ಕೆಂಪು ಮತ್ತು ಹಳದಿ ಬಹುತೇಕ ಕಪ್ಪಾಗಿ ಮೂಡುತ್ತಿದ್ದವು. ನೀಲಿ ಕಣ್ಣುಗಳು ಬಿಳಚಿಕೊಂಡು, ಮುಖದ ಮೇಲಿನ ಕಂದು ಚುಕ್ಕೆಗಳು ಎದ್ದು ಕಂಡು, ಆಕಾಶ ಬರಿಯ ಬಿಳಿಯ ಹಾಳೆಯಾಗುತ್ತಿದ್ದುದು ಇದರಿಂದಲೇ. ಅಂಥ ಚಿತ್ರದಲ್ಲಿ ಕಪ್ಪು ಉಡುಪು ತೊಟ್ಟಂತೆ ಕಾಣುವ ಹೆಂಗಸು ನಿಜವಾಗಿ ಕಡುಗೆಂಪನ್ನು ತೊಟ್ಟಿದ್ದಿರಬಹುದು. ಈ ಕಾರಣಕ್ಕಾಗಿಯೇ, ಕಂಪ್ಯೂಟರ್ ಊಹಿಸಿ ಬಣ್ಣ ತುಂಬಿದ ಹಳೆಯ ಚಿತ್ರಗಳನ್ನು ನಾನು ನಂಬುವುದಿಲ್ಲ. ಆ ಕಾಲದ ನಿಜವಾದ ಬಣ್ಣವನ್ನೇ ನೋಡಬೇಕೆಂದರೆ ಸೆರ್ಗೆಯ್ ಪ್ರೊಕುಡಿನ್-ಗೋರ್ಸ್ಕಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯಾದಾದ್ಯಂತ ಸಂಚರಿಸಿ ತೆಗೆದ ಚಿತ್ರಗಳಿವೆ. ನೀಲಿ, ಹಸಿರು, ಕೆಂಪು ಫಿಲ್ಟರುಗಳ ಮೂಲಕ ಒಂದರ ಹಿಂದೊಂದು ಮೂರು ಬಾರಿ ತೆಗೆದು ಜೋಡಿಸಿದವು ಅವು. ತಟ್ಟೆಗಳಲ್ಲಿ ಹಣ್ಣುಗಳನ್ನು ಹಿಡಿದು ನಿಂತ ಮೂವರು ಹಳ್ಳಿ ಯುವತಿಯರ 1909ರ ಚಿತ್ರವನ್ನು ನೋಡಿದರೆ ಅವರ ಉಡುಪಿನ ಬಣ್ಣಗಳ ಗಾಢತೆ ಬೆರಗು ಹುಟ್ಟಿಸುತ್ತದೆ. ಮೂರು ಬಾರಿಯ ನಡುವೆ ನೀರೋ ಹೊಗೆಯೋ ಕದಲಿದ್ದರೆ ಆ ಜಾಗದಲ್ಲಿ ಬಣ್ಣಗಳು ಬೇರೆಬೇರೆಯಾಗಿ ಉಳಿದುಬಿಡುತ್ತವೆ.

ಎಡಬಲವೂ ಅಷ್ಟೇ. ಡಾಗೇರನ ಫಲಕಗಳಲ್ಲೂ ಆಮೇಲೆ ಬಂದ ಕಬ್ಬಿಣದ ತಗಡಿನ ಚಿತ್ರಗಳಲ್ಲೂ ಬಿಂಬ ಸಾಮಾನ್ಯವಾಗಿ ತಿರುಗುಮುರುಗಾಗಿರುತ್ತಿತ್ತು. ಅಮೆರಿಕದ ಕುಖ್ಯಾತ ಬಂದೂಕುಗಾರ ಬಿಲ್ಲಿ ದ ಕಿಡ್ ಎಡಗೈಯವನೆಂಬ ಕಥೆ ಬಹುಕಾಲ ಚಾಲ್ತಿಯಲ್ಲಿದ್ದದ್ದು ಅಂಥದೊಂದು ತಗಡಿನ ಚಿತ್ರದಿಂದ. ಅದರಲ್ಲಿರುವ ವಿಂಚೆಸ್ಟರ್ ಬಂದೂಕಿನ ಗುಂಡು ತುಂಬುವ ಕಿಂಡಿ ಬಲಕ್ಕಿರಬೇಕಾದದ್ದು ಎಡಕ್ಕೆ ಕಾಣುವುದನ್ನು ಗಮನಿಸಿದಾಗ ಆ ಕಥೆಯ ಆಧಾರವೇ ಕುಸಿಯಿತು.

1888ರಲ್ಲಿ ಜಾರ್ಜ್ ಈಸ್ಟ್‌ಮನ್‌ನ ಕೊಡಾಕ್ ಬಂದ ಮೇಲೆ ಸ್ಟುಡಿಯೋದ ಬಿಗುವು ಸಡಿಲಗೊಂಡಿತು. ನೂರು ಚಿತ್ರಗಳ ಸುರುಳಿಯೊಂದಿಗೇ ಮಾರಾಟವಾಗುತ್ತಿದ್ದ ಆ ಕ್ಯಾಮೆರಾವನ್ನು ಸುರುಳಿ ಮುಗಿದ ಮೇಲೆ ಹಾಗೆಯೇ ಕಾರ್ಖಾನೆಗೆ ಕಳುಹಿಸಿದರೆ ದುಂಡನೆಯ ಚಿತ್ರಗಳಾಗಿ ಹಿಂದಿರುಗುತ್ತಿತ್ತು. 1900ರಲ್ಲಿ ಒಂದು ಡಾಲರಿಗೆ ಬ್ರೌನಿ ದೊರೆತಾಗ ಮಕ್ಕಳ ಕೈಗೂ ಕ್ಯಾಮೆರಾ ಬಂತು. ನಾಯಿ, ಒಣಹಾಕಿದ ಬಟ್ಟೆ, ಬಾಯ್ತುಂಬಾ ನಗುವ ಅಕ್ಕತಂಗಿಯರು ಚಿತ್ರಗಳೊಳಗೆ ಬಂದದ್ದು ಆಗ. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುವ ಅಭ್ಯಾಸದಿಂದಾಗಿ, ಚಿತ್ರ ತೆಗೆಯುತ್ತಿದ್ದವರ ನೆರಳೂ ಎಷ್ಟೋ ಸಲ ಹುಲ್ಲಿನ ಮೇಲೆ ಚಾಚಿಕೊಂಡಿರುತ್ತದೆ. ಅಂಥ ಸಾವಿರಾರು ಚಿತ್ರಗಳು ಹಳೆಯ ಸಾಮಾನಿನ ಮಾರುಕಟ್ಟೆಗಳಲ್ಲಿ ಹೆಸರಿಲ್ಲದೆ ಬಿದ್ದಿವೆ.

ಅವುಗಳ ಎದುರು ಛಾಯಾಗ್ರಾಹಕ ಲೂಯಿಸ್ ಹೈನ್‌ನ ಕೆಲಸವನ್ನು ಇಟ್ಟು ನೋಡಬೇಕು. ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ 1908ರಿಂದ ಊರೂರು ಸುತ್ತಿದ ಈತ, ಕಾರ್ಖಾನೆಗಳ ಒಳಹೊಗಲು ಪೋಸ್ಟ್‌ಕಾರ್ಡ್ ಮಾರುವವನಂತೆ, ಬೈಬಲ್ ಮಾರುವವನಂತೆ ನಟಿಸುತ್ತಿದ್ದ. ತನ್ನ ಕೋಟಿನ ಗುಂಡಿಗಳ ಎತ್ತರವನ್ನು ನೆನಪಿಟ್ಟುಕೊಂಡು ಅವುಗಳಿಂದಲೇ ಮಕ್ಕಳ ಎತ್ತರವನ್ನು ಅಳೆಯುತ್ತಿದ್ದ. ಅದೇ ವರ್ಷ ಉತ್ತರ ಕ್ಯಾರೊಲೈನಾದ ವಿಟ್ನೆಲ್ ಹತ್ತಿ ಗಿರಣಿಯಲ್ಲಿ ನೂಲುಯಂತ್ರಗಳ ಪಕ್ಕ ನಿಂತ ಹುಡುಗಿಯೊಬ್ಬಳ ಚಿತ್ರಕ್ಕೆ ಅವನು ಬರೆದ ಟಿಪ್ಪಣಿ ಹೀಗೆ ತಿಳಿಸುತ್ತದೆ: ಎತ್ತರ 51 ಇಂಚು, ಗಿರಣಿಗೆ ಸೇರಿ ಒಂದು ವರ್ಷ, ಕೆಲವೊಮ್ಮೆ ರಾತ್ರಿಪಾಳಿ, ದಿನಗೂಲಿ 48 ಸೆಂಟ್. ವಯಸ್ಸು ಕೇಳಿದಾಗ ಆಕೆ ತಡವರಿಸಿ, ನೆನಪಿಲ್ಲ ಎಂದಳಂತೆ. ಆಮೇಲೆ ಗುಟ್ಟಾಗಿ, ಕೆಲಸ ಮಾಡುವಷ್ಟು ವಯಸ್ಸು ತನಗಾಗಿಲ್ಲ, ಆದರೂ ಮಾಡುತ್ತಿದ್ದೇನೆ ಎಂದಳಂತೆ.

ಈ ಚಿತ್ರ ಇಂದು ಟಿಪ್ಪಣಿಯಿಲ್ಲದೆ, ಕೆಲವು ಸಲ ಬಣ್ಣ ಬಳಿದುಕೊಂಡು, ಹಳೆಯ ಕಾಲದ ಮುದ್ದು ಹುಡುಗಿಯೊಬ್ಬಳ ಚಿತ್ರವಾಗಿ ಹರಿದಾಡುತ್ತಿದೆ. ಆಕೆ ಹೇಳಿದ ಮಾತನ್ನು ಆಕೆಯ ಮುಖದಿಂದ ಹೀಗೆ ಕಿತ್ತು ತೆಗೆಯುವುದು ಅನ್ಯಾಯವೆಂದು ನಾನು ಭಾವಿಸುತ್ತೇನೆ. ಯಾರಿಗೆ ಅದನ್ನು ತೋರಿಸಿದರೂ ಹೈನ್ ಬರೆದ ಸಾಲುಗಳನ್ನು ಮೊದಲು ಓದಿ ಹೇಳಿ, ಆಮೇಲೆ ಚಿತ್ರವನ್ನು ಅವರ ಮುಂದಿಡುತ್ತೇನೆ.