14 ಮಿಲಿಮೀಟರ್ ತಪ್ಪಿದ ಬೋಲ್ಟು

ಉಪ್ಪಳದ ಹತ್ತಿರ, ಹೆದ್ದಾರಿಗೆ ತಾಗಿದ ಹಾಗೆ ಒಂದು ದೊಡ್ಡ ಗೋದಾಮು ಕಟ್ಟುತ್ತಿದ್ದೆವು. ಪೂರ್ತಿ ಸ್ಟೀಲ್ ಫ್ರೇಮ್, 60 ಮೀಟರ್ ಉದ್ದ, 22 ಕಂಬ. ನಾನು ಅಲ್ಲಿ ಸೈಟ್ ಎಂಜಿನಿಯರ್. ಮೇ ತಿಂಗಳು. ಜೂನ್‌ನಲ್ಲಿ ನಮ್ಮ ಕಾಸರಗೋಡಿಗೆ ಮಳೆ ಹಿಡಿದರೆ ಬಿಡುವುದಿಲ್ಲ, ಅಷ್ಟರಲ್ಲಿ ಶೀಟ್ ಹಾಕಿ ಮುಗಿಸಬೇಕಿತ್ತು.

ಮೂರನೇ ಕಂಬವನ್ನು ಕ್ರೇನ್ ಇಳಿಸಿತು. ಕಂಬದ ಬುಡದಲ್ಲಿರುವ ತೂತಿನ ತಟ್ಟೆ, ಅಂದ್ರೆ ಬೇಸ್ ಪ್ಲೇಟ್, ಕೂರಲಿಲ್ಲ. ಕೆಳಗಿದ್ದ ಹುಡುಗ "ಮತಿ, ಮತಿ" (ಸಾಕು, ಸಾಕು) ಅಂತ ಮಲಯಾಳದಲ್ಲಿ ಕೂಗಿದ. ಬಗ್ಗಿ ನೋಡಿದರೆ, ಅಡಿಪಾಯದ ಕಾಂಕ್ರೀಟಿನಲ್ಲಿ ಹೂತು ನಿಲ್ಲಿಸಿದ ನಾಲ್ಕು ಬೋಲ್ಟುಗಳಲ್ಲಿ ಎರಡು ತೂತಿಗೆ ಹೋಗಿವೆ, ಇನ್ನೆರಡು ಪ್ಲೇಟಿನ ಅಡಿಗೆ ಸಿಕ್ಕಿಕೊಂಡಿವೆ. ಅಳೆದೆ. 14 ಮಿಲಿಮೀಟರ್ ಆಚೆ. ಬೋಲ್ಟು 24 ಮಿಲಿಮೀಟರ್, ತೂತು 30. ಅಂದ್ರೆ ಎಲ್ಲ ಕಡೆಗೆ 3 ಮಿಲಿಮೀಟರ್ ಮಾತ್ರ ಜಾಗ.

ಮೇಸ್ತ್ರಿಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ. ಅವರದ್ದು ಮುರಕಲ್ಲಿನ ಕೈ. ಗೋಡೆ ಅರ್ಧ ಇಂಚು ಆಚೀಚೆ ಆದರೆ ಗಾರೆಯಲ್ಲಿ ಸರಿಮಾಡಬಹುದು, ಮೂವತ್ತು ವರ್ಷ ಹಾಗೇ ಕಟ್ಟಿದವರು. ಆದರೆ ಸ್ಟೀಲ್ ಕಂಬ ಫ್ಯಾಕ್ಟರಿಯಲ್ಲೇ ತೂತು ಕೊರೆದುಕೊಂಡು ಬರುತ್ತದೆ. ಸೈಟಿನಲ್ಲಿ ಸರಿಮಾಡಿಕೊಳ್ಳಲು ಅದಕ್ಕೆ ಗಾರೆ ಇಲ್ಲ. ಇದನ್ನು ಮೊದಲೇ ಅವರಿಗೆ ಹೇಳದೆ ಇದ್ದದ್ದು ನನ್ನ ತಪ್ಪು.

ಇನ್ನೊಂದು ತಪ್ಪೂ ನನ್ನದೇ. ಕಾಂಕ್ರೀಟ್ ಹಾಕುವ ಮುಂಚೆ ಬೋಲ್ಟುಗಳನ್ನು ಅಳೆದು ಸಹಿ ಹಾಕಿದ್ದೆ. ಹಾಕಿದ ಮೇಲೆ ನೋಡಲಿಲ್ಲ. ಬೋಲ್ಟುಗಳನ್ನು ಜಾಗದಲ್ಲಿ ಹಿಡಿದಿಡಲು ಪ್ಲೈವುಡ್ಡಿನ ತೆಳ್ಳಗಿನ ಟೆಂಪ್ಲೇಟು, ಬೈಂಡಿಂಗ್ ವೈರಿನ ಕಟ್ಟು, ಪಕ್ಕದಲ್ಲೇ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್. ಬೋಲ್ಟು ಸರಿಯದೆ ಇನ್ನೇನಾಗುತ್ತದೆ?

ಗ್ಯಾಸ್ ಕಟ್ಟರಿನಲ್ಲಿ ಕಾಯಿಸಿ ಬಗ್ಗಿಸೋಣ ಅಂತ ಒಬ್ಬರು ಹೇಳಿದರು. ಮಳೆಯ ಭಯಕ್ಕೆ ನನಗೂ ಒಂದು ಕ್ಷಣ ಹೌದು ಅನ್ನಿಸಿತು. ಅವು 8.8 ಗ್ರೇಡಿನ, ಅಂದ್ರೆ ಹೆಚ್ಚು ಬಲದ ಬೋಲ್ಟುಗಳು. ಕಾಯಿಸಿ ಹಠಾತ್ತನೆ ತಣಿಸಿ, ಮತ್ತೆ ಹದವಾಗಿ ಕಾಯಿಸಿಯೇ ಅವಕ್ಕೆ ಆ ಬಲ ಬರುವುದು. ಗ್ಯಾಸ್ ಬೆಂಕಿ ಹಿಡಿದು ಕೆಂಪಗೆ ಮಾಡಿದರೆ ಆ ಹದ ಹೋಗುತ್ತದೆ, ಬಲ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಬೋಲ್ಟು ಮೊದಲಿನ ಹಾಗೇ ಇರುತ್ತದೆ. ನನಗೆ ಹೆದರಿಕೆಯಾದದ್ದು ಅದಕ್ಕೇ. ಗಾಳಿ ಬಂದು ಛಾವಣಿಯನ್ನು ಮೇಲಕ್ಕೆ ಎಳೆದಾಗ ಇಡೀ ಫ್ರೇಮನ್ನು ನೆಲಕ್ಕೆ ಹಿಡಿದಿಡುವುದು ಈ ಬೋಲ್ಟುಗಳೇ ಅಲ್ವಾ?

ಕಂಬ ವಾಪಸ್ ನೆಲಕ್ಕಿಳಿಸಿದೆವು. 88 ಬೋಲ್ಟನ್ನೂ ಅಳೆದು ಡಿಸೈನರಿಗೆ ಕಳಿಸಿದೆ. ಇನ್ನೆರಡು ಕಂಬದ ಜಾಗದಲ್ಲೂ ತಪ್ಪಿತ್ತು, ಆದರೆ ಕಡಿಮೆ. ಅವರ ಲೆಕ್ಕದಂತೆ ಆ ಎರಡರ ಪ್ಲೇಟಿನಲ್ಲಿ ತೂತು ಉದ್ದ ಮಾಡಿ, ಮೇಲೆ ದಪ್ಪ ವಾಷರ್ ಪ್ಲೇಟ್ ವೆಲ್ಡ್ ಮಾಡಿದೆವು. ಮೂರನೆಯದರಲ್ಲಿ ತಪ್ಪಿದ ಬೋಲ್ಟುಗಳನ್ನು ತೆಗೆದು, ಹೊಸದಾಗಿ ಕೊರೆದು ಕೆಮಿಕಲ್ ಆಂಕರ್, ಅಂದ್ರೆ ಅಂಟು ತುಂಬಿ ಕೂರಿಸುವ ಬೋಲ್ಟು, ಹಾಕಿದೆವು. ನಾಲ್ಕು ದಿನ ಹೋಯಿತು.

ಈಗ ನಾನು ಪ್ಲೈವುಡ್ ಮುಟ್ಟುವುದಿಲ್ಲ. ಸ್ಟೀಲ್ ಪ್ಲೇಟಿನ ಟೆಂಪ್ಲೇಟ್, ಮೇಲೊಂದು ಕೆಳಗೊಂದು ನಟ್. ಪಕ್ಕದ ಕಂಬದಿಂದ ಅಳೆಯುವುದಿಲ್ಲ, ಪ್ರತಿ ಸಲ ಗ್ರಿಡ್ ಲೈನಿನಿಂದಲೇ, ಅಂದ್ರೆ ನಕ್ಷೆಯ ಪ್ರಕಾರ ಸೈಟಿನಲ್ಲಿ ಗುರುತು ಮಾಡಿದ ಮೂಲ ಗೆರೆಯಿಂದ. ಕಂಬದಿಂದ ಕಂಬಕ್ಕೆ ಅಳೆಯುತ್ತಾ ಹೋದರೆ ಸಣ್ಣ ತಪ್ಪುಗಳು ಸೇರಿ ದೊಡ್ಡದಾಗುತ್ತವೆ. ಟೇಪ್ ಹಿಡಿಯುವುದು ಬೆಳಿಗ್ಗೆ ಬೇಗ. 30 ಮೀಟರಿನ ಸ್ಟೀಲ್ ಟೇಪು 20 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ, ನಮ್ಮ 3 ಮಿಲಿಮೀಟರ್ ಅಲ್ಲೇ ಮುಗಿಯಿತು. ಎಲ್ಲಕ್ಕಿಂತ ಮುಖ್ಯ, ಕಾಂಕ್ರೀಟ್ ಹಸಿ ಇರುವಾಗಲೇ ಇನ್ನೊಮ್ಮೆ ಅಳತೆ. ಆಗ ಕೈಯಲ್ಲಿ ತಳ್ಳಿದರೂ ಬೋಲ್ಟು ಸರಿಯುತ್ತದೆ. ಮರುದಿನಕ್ಕೆ ಡ್ರಿಲ್ ಬೇಕು.

ಮೊನ್ನೆ ಕುಂಬಳೆಯ ಸೈಟಿಗೆ ಅದೇ ಮೇಸ್ತ್ರಿ ಬಂದಿದ್ದರು. ವೈಬ್ರೇಟರ್ ಹಿಡಿದ ಹುಡುಗ ಬೋಲ್ಟಿನ ಹತ್ತಿರ ಬರುತ್ತಿದ್ದ ಹಾಗೆ ಕೈ ಅಡ್ಡ ಹಿಡಿದು ದೂರ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಟೇಪ್ ತನ್ನಿ, ಇನ್ನೂ ಹಸಿ ಉಂಟು" ಅಂದರು.